ಕಾಲಿನ ಕೈಪಿಡಿ: ಮಲೆನಾಡಿನ ಮಳೆಗಾಲದ ಆವೃತ್ತಿ

ನಿಮ್ಮ ಎರಡು ಕಾಲುಗಳನ್ನು ಪೆಡಲಿನ ಮೇಲಿಡುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಮನೆಯೊಳಗೆ ಕೂತೇ ಓದಿ. ಕೈಪಿಡಿಗೆ ಕೊಪ್ಪೆ ಒದಗಿಸಿಲ್ಲ.

1. ವ್ಯಾಪ್ತಿ

ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ, ಅಂದರೆ ಜೂನ್ ಮೂರನೇ ವಾರದಿಂದ ಆಗಸ್ಟ್ ನಡುವಿನವರೆಗೆ, ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿಯ ಸುತ್ತಮುತ್ತ ಸೈಕಲ್ ತುಳಿಯುವ ಎಲ್ಲರಿಗೂ ಈ ನಿಯಮಗಳು ಅನ್ವಯಿಸುತ್ತವೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಚಕ್ರ, ಚೈನು, ಬೆಲ್ಲು ಎಲ್ಲವನ್ನೂ ಕೊಟ್ಟಿತು. ಪೆಡಲಿನ ಮೇಲೆ ಇಡಬೇಕಾದ ವಸ್ತುವನ್ನು ಮಾತ್ರ ಫಲಾನುಭವಿಗಳೇ ಮನೆಯಿಂದ ತಂದುಕೊಳ್ಳಬೇಕಿತ್ತು. ಆ ವಸ್ತುವಿನ ಬಳಕೆ ಮತ್ತು ನಿರ್ವಹಣೆಯನ್ನು ವಿವರಿಸುವುದು ಈ ಕೈಪಿಡಿಯ ಉದ್ದೇಶ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಸೈಕಲ್ಲೂ ಅದರ ಮೇಲಿನ ಸವಾರರೂ ಹಿಡಿಯುವ ಜಾಗ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ವರ್ಷಕ್ಕೆ ಏಳು ಸಾವಿರ ಲೀಟರ್ ನೀರು, ಒಂದು ಟ್ಯಾಂಕರ್ ಲೋಡು, ನಿಮ್ಮ ಹೆಸರಿಗೆ ಮಂಜೂರಾಗಿದೆ ಎಂದು ತಿಳಿಯತಕ್ಕದ್ದು. ಅದರ ಬಹುಪಾಲು ಈ ಎರಡು ತಿಂಗಳಲ್ಲೇ ವಿತರಣೆಯಾಗುತ್ತದೆ.

ಹೀಗಿರುವಾಗ ಕಾಲು ಒದ್ದೆಯಾಗದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಬೇಡಿ. ಒಣಗಿರುವುದು ಬೇರೆ, ಬೆಚ್ಚಗಿರುವುದು ಬೇರೆ. ದಾರಿಯಲ್ಲಿ ಬೆಚ್ಚಗಿರಬಹುದು, ಒಣಗುವುದು ಊರು ಮುಟ್ಟಿದ ಮೇಲೆ. ಇದಿಷ್ಟು ತಿಳಿದವರು ಮುಂದಿನ ಪುಟಗಳನ್ನು ಬೂಟಿನೊಳಗೆ ತುರುಕಲು ಬಳಸಬಹುದು (ನೋಡಿ: ವಿಭಾಗ 6).

2. ಬಿಡಿಭಾಗಗಳ ಪರಿಚಯ

ಬೆರಳುಗಳು: ಕಾಲಿಗೆ ಐದರಂತೆ. ಹೃದಯದಿಂದ ಅತಿ ದೂರದಲ್ಲಿರುವ ಗ್ರಾಹಕರು. ಮೈ ತಣ್ಣಗಾಗತೊಡಗಿದರೆ ಒಳಗಿನ ಅಂಗಗಳನ್ನು ಕಾಪಾಡಲು ದೇಹ ಮೊದಲು ರಕ್ತದ ಸರಬರಾಜು ಕಡಿತಗೊಳಿಸುವುದು ಇಲ್ಲಿಗೇ. ಮುನ್ಸೂಚನೆ ಕೊಡುವ ಪದ್ಧತಿ ಇಲ್ಲ.

ಬೆರಳ ಸಂದಿ: ಕೆಸರು ಹುಣ್ಣಿನ ಹುಟ್ಟೂರು. ಮನೆಯಲ್ಲಿ ಎಲ್ಲರೂ ಕಾಲು ಒರೆಸಿಕೊಳ್ಳುತ್ತಾರೆ, ಸಂದಿಯನ್ನು ಮಾತ್ರ ಯಾರೂ ಒರೆಸುವುದಿಲ್ಲ.

ಅಂಗಾಲು: ಬೆವರಿನ ಗ್ರಂಥಿಗಳು ಒತ್ತೊತ್ತಾಗಿ ಇರುವ ಜಾಗ. ಹೊರಗಿನ ಮಳೆ ನಿಂತರೂ ಒಳಗಿನ ಮಳೆ ಮುಂದುವರಿಯುತ್ತದೆ.

ಹರಡು: ಬೂಟಿನ ಬಾಯಿ ಇರುವ ಜಾಗ. ಉಳಿದ ಕಡೆ ಎಷ್ಟೇ ಭದ್ರ ಮಾಡಿದರೂ ಈ ಹೆಬ್ಬಾಗಿಲು ತೆರೆದೇ ಇರುತ್ತದೆ.

3. ನೀರು ಬರುವ ದಾರಿಗಳು

ಮೇಲಿನಿಂದ: ರೇನ್‌ಕೋಟಿನ ಅಂಚಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಕಣಕಾಲಿಗೆ, ಅಲ್ಲಿಂದ ನೇರ ಬೂಟಿಗೆ. ಪ್ಯಾಂಟನ್ನು ಬೂಟಿನೊಳಗೆ ಸಿಕ್ಕಿಸಿಕೊಂಡವರು ಈ ನೀರಿಗೆ ಕಾಲುವೆ ತೋಡಿಕೊಟ್ಟಿದ್ದಾರೆ. ಪ್ಯಾಂಟು ಮಡಚಿ, ಇಲ್ಲವೇ ಮಳೆಪ್ಯಾಂಟನ್ನು ಬೂಟಿನ ಹೊರಗೆ ಬಿಟ್ಟು ಹರಡಿನ ಬಳಿ ರಬ್ಬರ್ ಬ್ಯಾಂಡ್ ಹಾಕಿ. ಚೈನಿಗೂ ಇದರಿಂದ ಸಮಾಧಾನ.

ಮುಂದಿನಿಂದ: ಸವಾರರು ಆಕಾಶವನ್ನು ಬೈಯುತ್ತಾರೆ. ಆದರೆ ಕಾಲಿಗೆ ಎರಚುವ ನೀರಿನಲ್ಲಿ ದೊಡ್ಡ ಪಾಲು ಅವರದೇ ಮುಂದಿನ ಚಕ್ರದ್ದು. ಮಡ್‌ಗಾರ್ಡ್ ಮುಗಿದಲ್ಲಿಂದ ಚಕ್ರ ನೀರನ್ನು ಎತ್ತಿ ಸರಿಯಾಗಿ ಪೆಡಲಿನ ಎತ್ತರಕ್ಕೆ ಎಸೆಯುತ್ತದೆ. ಹಳೆಯ ಟ್ಯೂಬಿನ ಒಂದು ಅಗಲವಾದ ತುಂಡು ಕತ್ತರಿಸಿ, ಮುಂದಿನ ಮಡ್‌ಗಾರ್ಡಿನ ತುದಿಗೆ ತಂತಿಯಿಂದ ಬಿಗಿದು, ನೆಲದಿಂದ ನಾಲ್ಕು ಬೆರಳು ಮೇಲಿರುವಂತೆ ಇಳಿಬಿಡಿ. ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಈ ರಬ್ಬರು, ಪೇಟೆಯಲ್ಲಿ ಸಾವಿರಾರು ರೂಪಾಯಿಗೆ ಸಿಗುವ ಬೂಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಪುಕ್ಕಟೆಯಾದ್ದರಿಂದಲೇ ಯಾರೂ ಇದನ್ನು ನಂಬುವುದಿಲ್ಲ.

ಪಕ್ಕದಿಂದ: ಹೊಂಡದ ಮೇಲೆ ಹೋಗುವ ಬಸ್ಸು. ಇದಕ್ಕೆ ತಾಂತ್ರಿಕ ಪರಿಹಾರವಿಲ್ಲ. ಬಾಯಿ ಮುಚ್ಚಿಕೊಂಡಿರಿ, ಇದು ವಿನಯಕ್ಕಾಗಿ ಅಲ್ಲ, ಆರೋಗ್ಯಕ್ಕಾಗಿ.

4. ಪಾದರಕ್ಷೆಯ ಆಯ್ಕೆ

(ಅ) ಹವಾಯಿ ಚಪ್ಪಲಿ: ನೀರು ಬಂದ ಕೂಡಲೇ ಹೋಗುತ್ತದೆ. ಚಪ್ಪಲಿಯೂ ಹೋಗುತ್ತದೆ. ಒದ್ದೆ ಪೆಡಲಿನ ಮೇಲೆ ಅದಕ್ಕೆ ಹಿಡಿತವಿಲ್ಲ. ಇಳಿದು ನಡೆದರೆ ಬೆನ್ನಿನವರೆಗೆ ಕೆಸರಿನ ಚಿತ್ತಾರ ಬಿಡಿಸಿಕೊಡುತ್ತದೆ. ಬಿಳಿ ಯೂನಿಫಾರ್ಮಿನ ದಿನ ನಿಷಿದ್ಧ.

(ಆ) ಗಂಬೂಟು: ತೋಟದ ಕೆಲಸಕ್ಕೆ ಉತ್ತಮ. ನಿಂತು ಕೆಲಸ ಮಾಡುವವರಿಗಾಗಿ ಹುಟ್ಟಿದ ಇದನ್ನು ತುಳಿಯುವವರು ಹಾಕಿಕೊಂಡರೆ, ಮೊಣಕಾಲು ಮೇಲೆದ್ದಾಗಲೆಲ್ಲ ಬಾಯಿ ತೆರೆದು ಮಳೆ ಕುಡಿಯುತ್ತದೆ. ಕುಡಿದದ್ದನ್ನು ಬಿಡುವುದಿಲ್ಲ. ಎರಡು ಬಿಂದಿಗೆಯಲ್ಲಿ ಕಾಲಿಟ್ಟು ಸೈಕಲ್ ತುಳಿದ ಹಾಗೆ.

(ಇ) ನೀರು ತಡೆಯುವ, ಆದರೆ ಉಸಿರಾಡುವ ದುಬಾರಿ ಬೂಟು: ಬೆಂಗಳೂರಿನಿಂದ ಗೇರ್ ಸೈಕಲ್ ತಂದು ಆಗುಂಬೆ ಘಾಟಿಯ 14 ತಿರುವುಗಳ ಚಿತ್ರ ತೆಗೆಯುವವರ ಕಾಲಲ್ಲಿ ಕಾಣಬಹುದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕನ್ನು ಸರಕ್ಕನೆ ಎಳೆದು ಹಿಗ್ಗಿಸಿದಾಗ, ನೀರ ಹನಿ ತೂರಲಾರದ, ಆವಿ ಮಾತ್ರ ತೂರಬಲ್ಲ ಸೂಕ್ಷ್ಮ ರಂಧ್ರಗಳ ಹಾಳೆ ಸಿಕ್ಕಿತು. ಗೋರ್‌ಟೆಕ್ಸ್ ಎಂಬುದು ಅದೇ. ವಿದ್ಯೆ ದೊಡ್ಡದು. ಆದರೆ ಒಳಗಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಅದಕ್ಕಿಂತ ಒಣಗಿರಬೇಕು. ಜುಲೈಯಲ್ಲಿ ಹಪ್ಪಳ, ಬೆಂಕಿಪೆಟ್ಟಿಗೆ, ಉಪ್ಪು ಎಲ್ಲವೂ ಬೆವರುವ ಊರಿನಲ್ಲಿ ಆವಿಗೆ ಹೊರಡುವ ಉತ್ಸಾಹ ಕಡಿಮೆ. ಅಷ್ಟರಲ್ಲಿ ಹರಡಿನ ಹೆಬ್ಬಾಗಿಲಿಂದ ನೀರು ಒಳಬಂದಿರುತ್ತದೆ. ಒಳಗೆ ಬಿಡದಿರಲು ಕಲಿತ ಹಾಳೆ, ಹೊರಗೆ ಬಿಡಲೂ ಒಪ್ಪುವುದಿಲ್ಲ.

(ಈ) ತೂತುಗಳಿರುವ ಪ್ಲಾಸ್ಟಿಕ್ ಸ್ಯಾಂಡಲ್, ಹಿಂದೆ ಪಟ್ಟಿ ಇರುವಂಥದ್ದು: ಸಂತೆಯಲ್ಲಿ ಲಭ್ಯ. ನೋಡಲು ಚೆನ್ನಾಗಿಲ್ಲ. ಶಿಫಾರಸು ಮಾಡಲಾಗಿದೆ. ಮಳೆಗಾಲದ ಪಾದರಕ್ಷೆಯನ್ನು ನೀರು ಒಳಬಾರದಿರುವುದರಿಂದ ಅಳೆಯಬೇಡಿ, ಬಂದ ನೀರು ಎಷ್ಟು ಬೇಗ ಹೊರಬೀಳುತ್ತದೆ ಎಂಬುದರಿಂದ ಅಳೆಯಿರಿ.

(ಉ) ಬೂಟೇ ಬೇಕೆಂದು ಶಾಲೆಯೋ ಕಚೇರಿಯೋ ಹಟ ಹಿಡಿದಲ್ಲಿ: ಕಾಲ್ಚೀಲದ ಮೇಲೆ, ಬೂಟಿನ ಒಳಗೆ, ಪ್ಲಾಸ್ಟಿಕ್ ಕವರು. ಬೂಟಿನ ಮೇಲೆ ಕವರು ಕಟ್ಟಿದರೆ ಪೆಡಲಿನಿಂದ ಜಾರಿ ಬೀಳುತ್ತೀರಿ, ಕವರೂ ಎರಡೇ ಫರ್ಲಾಂಗಿನಲ್ಲಿ ಹರಿಯುತ್ತದೆ. ಒಳಗಿನ ಕವರು ಗಾಳಿಯನ್ನೂ ತಣ್ಣೀರನ್ನೂ ತಡೆಯುತ್ತದೆ. ಬೆವರಿನಿಂದ ಕಾಲು ಒದ್ದೆಯಾಗುತ್ತದೆ, ಆದರೆ ಆ ಒದ್ದೆ ಬೆಚ್ಚಗಿರುತ್ತದೆ. ತರಗತಿಯಲ್ಲಿ ಚರಪರ ಸದ್ದು ಬಂದರೆ ಪಕ್ಕದವರನ್ನು ನೋಡಿ.

5. ಚಾಲನೆಯಲ್ಲಿ ಬೆಚ್ಚಗಿಡುವ ಕ್ರಮ

ಜುಲೈಯ ಆಗುಂಬೆಯಲ್ಲಿ ಹಿಮವೇನೂ ಬೀಳುವುದಿಲ್ಲ. ತಾಪಮಾನ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೂ ಬೆರಳು ಮರಗಟ್ಟುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಜೊತೆಗೆ ಸೈಕಲ್ಲಿನ ಓಟವೇ ಎಬ್ಬಿಸುವ ಗಾಳಿ. ಆದ್ದರಿಂದ:

ಒಂದು, ಕಾಲು ಬೆಚ್ಚಗಿರಬೇಕಾದರೆ ಎದೆ ಮತ್ತು ತಲೆಗೆ ಹೊದಿಸಿ. ನಡುಮೈ ಬೆಚ್ಚಗಿದ್ದರಷ್ಟೇ ಬೆರಳಿಗೆ ರಕ್ತ ಮಂಜೂರಾಗುತ್ತದೆ.

ಎರಡು, ಹತ್ತಿ ಕಾಲ್ಚೀಲ ಬೇಡ. ಅದು ನೀರು ಹೀರಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವವನ್ನು ಎಳೆಯೊಳಗೆ ಅಡಗಿಸಿಕೊಂಡೂ ಒದ್ದೆ ಎನಿಸುವುದಿಲ್ಲ. ಕಂಬಳಿ ಕೊಪ್ಪೆ ಹಾಕಿ ದಿನವಿಡೀ ಗದ್ದೆಯಲ್ಲಿ ನಿಂತ ಅಜ್ಜಂದಿರಿಗೆ ಇದು ಗೊತ್ತಿತ್ತು. ಕಂಬಳಿ ನೆನೆದು ಭಾರವಾಗುತ್ತಿತ್ತು, ಬೆನ್ನು ಬೆಚ್ಚಗೇ ಇರುತ್ತಿತ್ತು. ಕೊಪ್ಪೆಯನ್ನು ಕಾಲಿಗೆ ಹೊಲಿಸುವುದಷ್ಟೇ ಬಾಕಿ.

ಮೂರು, ಬೆಚ್ಚಗಾಗಲೆಂದು ಬಿಗಿಯಾದ ಬೂಟಿನೊಳಗೆ ಎರಡೆರಡು ಕಾಲ್ಚೀಲ ತುರುಕಬೇಡಿ. ಒತ್ತಿದಷ್ಟೂ ರಕ್ತ ಬರುವುದು ಕಡಿಮೆ. ಎರಡು ಕಾಲ್ಚೀಲದ ಕಾಲು ಒಂದರ ಕಾಲಿಗಿಂತ ಮೊದಲು ಮರಗಟ್ಟುತ್ತದೆ.

ನಾಲ್ಕು, ಏರಿನಲ್ಲಿ ಇಳಿದು ತಳ್ಳುವುದು ಅವಮಾನವಲ್ಲ. ನಡೆಯುವಾಗ ಬೆರಳು ಮಡಚಿ ಬಿಚ್ಚುತ್ತದೆ, ರಕ್ತ ಇಳಿದು ಬರುತ್ತದೆ. ಕಾಲು ನಿಜಕ್ಕೂ ಕೊರಡಾಗುವುದು ಇಳಿಜಾರಿನಲ್ಲಿ. ಸೈಕಲ್ ತಾನೇ ಓಡುವಾಗ ಕಾಲಿಗೆ ಕೆಲಸವಿಲ್ಲ, ಗಾಳಿಗೆ ಎರಡರಷ್ಟು ಕೆಲಸ. ಅಲ್ಲೂ ಸುಮ್ಮನೆ ಪೆಡಲು ತಿರುಗಿಸುತ್ತಿರಿ.

ಐದು, ನೆನೆದ ರಿಮ್ಮಿಗೆ ಬ್ರೇಕು ಬೇಗ ಹಿಡಿಯದು. ಇಳಿಜಾರಿಗೆ ಮೊದಲೇ ಒಂದೆರಡು ಸಲ ಮೆಲ್ಲಗೆ ಒತ್ತಿ ರಿಮ್ಮಿನ ನೀರು ಒರೆಸಿ. ಇಲ್ಲವಾದರೆ ಕಾಲನ್ನೇ ಬ್ರೇಕು ಮಾಡಬೇಕಾಗುತ್ತದೆ. ಆಗ ಕಾಲು ಖಂಡಿತ ಬಿಸಿಯಾಗುತ್ತದೆ. ಈ ವಿಧಾನವನ್ನು ಶಿಫಾರಸು ಮಾಡಿಲ್ಲ.

6. ತಲುಪಿದ ನಂತರ

ಚೀಲದಲ್ಲಿ ಗಂಟು ಕಟ್ಟಿದ ಕವರಿನೊಳಗೆ ಒಂದು ಜೊತೆ ಒಣ ಕಾಲ್ಚೀಲ, ಒಂದು ತುಂಡು ಬಟ್ಟೆ ಇರಲಿ. ಇದನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ, ಎಷ್ಟೇ ಚಳಿಯಾದರೂ. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ದಿನಗಟ್ಟಲೆ ಒದ್ದೆ ಬೂಟಿನಲ್ಲಿ ನಿಂತು ಸಾವಿರಾರು ಸೈನಿಕರ ಪಾದಗಳು ಕೊಳೆತಾಗ, ಸೇನೆಗಳು ಕೊನೆಗೆ ಕಂಡುಕೊಂಡ ಉಪಾಯವೂ ಇದೇ: ಕಾಲು ಒರೆಸು, ಎಣ್ಣೆ ಸವರು, ಕಾಲ್ಚೀಲ ಬದಲಿಸು. ನಮ್ಮಲ್ಲಿ ಕೊಬ್ಬರಿ ಎಣ್ಣೆ ಸಾಕು. ನಾಟಿಯ ಕಾಲದಲ್ಲಿ ಹೆಂಗಸರು ಕಾಲಿಗೆ ಮದರಂಗಿ ಹಚ್ಚಿಕೊಳ್ಳುತ್ತಿದ್ದದ್ದು ಬರೀ ಚೆಂದಕ್ಕಲ್ಲ, ಕೆಸರು ಹುಣ್ಣಿನ ಭಯಕ್ಕೂ ಹೌದು.

ಬೂಟಿನೊಳಗೆ ಹಳೇ ಪತ್ರಿಕೆ ತುರುಕಿ, ಒಂದು ಗಂಟೆಯ ನಂತರ ಬದಲಿಸಿ. ನುಣುಪು ಕಾಗದದ ಜಾಹೀರಾತು ಪುಟಗಳು ಏನನ್ನೂ ಹೀರುವುದಿಲ್ಲ. ಸಂಪಾದಕೀಯ ಪುಟ ಚೆನ್ನಾಗಿ ಹೀರುತ್ತದೆ. ಬೂಟನ್ನು ಬಚ್ಚಲ ಒಲೆಯ ಬಾಯಿಗೆ ಇಡಬೇಡಿ. ಚರ್ಮ ಸಿಡಿಯುತ್ತದೆ, ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ. ಹಂಡೆಯ ಪಕ್ಕದ ಬಿಸಿ ಗೋಡೆಗೆ ಒರಗಿಸಿ. ಮರಗಟ್ಟಿದ ಕಾಲನ್ನೂ ಒಲೆಗೆ ಒಡ್ಡಬೇಡಿ, ಸಕ್ಕರೆ ಕಾಯಿಲೆಯವರಂತೂ ಖಂಡಿತ ಕೂಡದು: ಸುಟ್ಟದ್ದು ತಿಳಿಯುವುದೇ ಇಲ್ಲ.

7. ದೋಷ ಮತ್ತು ಪರಿಹಾರ

ದೋಷ: ಕಾಲ್ಚೀಲ ಕೆಂಪಾಗಿದೆ, ನೋವಿಲ್ಲ. ಕಾರಣ: ಉಂಬಳ. ತಳ್ಳಿಕೊಂಡು ಹೋಗುವಾಗ ಹುಲ್ಲಿನ ಬದಿಯಿಂದ ಹತ್ತಿದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ, ಅದು ಬಿಟ್ಟ ಮೇಲೂ ಸೋರುತ್ತಲೇ ಇರುತ್ತದೆ. ಪರಿಹಾರ: ಉಗುರಿನಿಂದ ಬದಿಗೆ ಜಾರಿಸಿ ಬಿಡಿಸಿ, ತೊಳೆದು ಒತ್ತಿ ಹಿಡಿಯಿರಿ. ಹೊರಡುವ ಮೊದಲೇ ಹರಡಿಗೆ ಸುಣ್ಣ, ಹೊಗೆಸೊಪ್ಪು ಸವರಿದ್ದರೆ ಈ ಕಂಡಿಕೆ ಓದುವ ಅಗತ್ಯ ಬೀಳುತ್ತಿರಲಿಲ್ಲ.

ದೋಷ: ಕಾಲಲ್ಲಿ ಗಾಯ, ರಸ್ತೆಯಲ್ಲಿ ನಿಂತ ನೀರು. ಪರಿಹಾರ: ಇದು ತಮಾಷೆಯ ಕಂಡಿಕೆಯಲ್ಲ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಇಂಥ ಗಾಯದ ಮೂಲಕ ಬರಬಹುದು. ಗಾಯ ಮುಚ್ಚಿಕೊಂಡು ಹೊರಡಿ, ತಲುಪಿದೊಡನೆ ಸೋಪು ಹಾಕಿ ತೊಳೆಯಿರಿ, ಜ್ವರ ಬಂದರೆ ವೈದ್ಯರಿಗೆ ನೀರಿನ ವಿಷಯವನ್ನೂ ಹೇಳಿ.

ದೋಷ: ಬಾಗಿಲಲ್ಲೇ ಅಮ್ಮ ತಡೆದು, "ಆ ಕಾಲ್ಚೀಲ ಹಿಡ್ಕೊಂಡು ಒಳಗೆ ಬಂದ್ಯೋ ನೋಡು ಮಾರಾಯ" ಎನ್ನುತ್ತಿದ್ದಾರೆ. ಕಾರಣ: ವಾಸನೆ. ಪರಿಹಾರ: ಹಿತ್ತಲ ಬಾಗಿಲು.

8. ಖಾತರಿ

ಒಣ ಕಾಲಿಗೆ ಈ ಕೈಪಿಡಿ ಯಾವ ಖಾತರಿಯನ್ನೂ ಕೊಡುವುದಿಲ್ಲ. ಬೆಚ್ಚಗಿನ ಕಾಲಿಗೆ ಕೊಡುವ ಖಾತರಿ, ಟ್ಯೂಬಿನ ತುಂಡು ಕಟ್ಟದವರಿಗೂ, ಒಣ ಕಾಲ್ಚೀಲವನ್ನು ದಾರಿಯಲ್ಲೇ ಬಿಚ್ಚಿದವರಿಗೂ ರದ್ದಾಗುತ್ತದೆ. ದೂರುಗಳನ್ನು ಒದ್ದೆ ಬೂಟಿನ ಸಮೇತ ಖುದ್ದಾಗಿ ಸಲ್ಲಿಸಬೇಕು. ಸ್ವೀಕರಿಸುವ ಅವಧಿ: ದೀಪಾವಳಿ ಕಳೆದ ನಂತರ. ಒಣಗಿದ ಬೂಟನ್ನು ಪುರಾವೆಯಾಗಿ ಪರಿಗಣಿಸಲಾಗುವುದಿಲ್ಲ.