ಹಿಂದಿನ ಚಕ್ರದ ಯಜಮಾನರು

ಹೆದ್ದಾರಿ ಪಕ್ಕದ ಹೊಲಕ್ಕೆ ಬೆಲೆ ಬಂದ ಊರುಗಳಲ್ಲೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ತುಮಕೂರಿನ ಅಂತರಸನಹಳ್ಳಿಯವರಿಗಂತೂ ಗುರುತು ಹೇಳಬೇಕಿಲ್ಲ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಗೋದಾಮು ಎದ್ದಿದೆ. ತಿಂಗಳು ಹುಟ್ಟುತ್ತಲೇ ಬಾಡಿಗೆ ಬ್ಯಾಂಕಿಗೆ ಬಂದು ಬೀಳುತ್ತದೆ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು, ಮನೆ ಮುಂದೆ ಒಂದು ಇನ್ನೋವಾ, ಒಂದು ಬೊಲೆರೊ. ಇಷ್ಟಿದ್ದರೂ ಐವತ್ತು ಹತ್ತಿರವಾಗುತ್ತಿದ್ದಂತೆ ಯಜಮಾನರಿಗೆ ಒಂದು ಕೊರತೆ ಕಾಣಿಸಿಕೊಳ್ಳುತ್ತದೆ. ತಾವು ಬಂದದ್ದು ಬಂದ ಮೇಲೆ ಗೊತ್ತಾಗುತ್ತಿದೆ. ಬರುವ ಮೊದಲೇ ಗೊತ್ತಾಗಬೇಕು. ಅಂದರೆ ಸದ್ದು ಮಾಡುವ ಕಾರು ಬೇಕು.

ಅವರ ಕಣ್ಣು ಬಿದ್ದದ್ದು ಫೋರ್ಡ್ ಮಸ್ಟಾಂಗ್ ಮೇಲೆ. ಅಮೆರಿಕದಲ್ಲಿ 1964ರಿಂದ ಓಡುತ್ತಿದ್ದ ಈ ಕಾರು ಭಾರತದ ಷೋರೂಮಿಗೆ ಬಂದದ್ದು 2016ರಲ್ಲಿ, ಸುಮಾರು 65 ಲಕ್ಷ ರೂಪಾಯಿಗೆ. ಐದು ಲೀಟರಿನ ಎಂಟು ಸಿಲಿಂಡರ್ ಇಂಜಿನ್, ಹತ್ತಿರ ಹತ್ತಿರ 400 ಅಶ್ವಶಕ್ತಿ, ಮೂತಿಯ ಮೇಲೆ ಓಡುವ ಕುದುರೆಯ ಗುರುತು. ಕುಣಿಗಲ್ಲಿನ ಕುದುರೆ ಫಾರಂ ನೋಡಿ ಬೆಳೆದ ಜಿಲ್ಲೆಯವರಿಗೆ ಆ ಗುರುತೊಂದೇ ಸಾಕು. ಹೊಸದು ಸಿಗುವ ಕಾಲ ಮುಗಿದಿದ್ದರಿಂದ ಬೆಂಗಳೂರಿನ ಬ್ರೋಕರ್ ಒಬ್ಬ ಹಳೆಯದೊಂದನ್ನು ತೋರಿಸಿದ. ಕೆಂಪು ಬಣ್ಣ, ಪುದುಚೇರಿ ನಂಬರು, ಬೆಲೆಯೂ ಅಗ್ಗ.

ಪುದುಚೇರಿ ನಂಬರಿನ ಮರ್ಮ ಕಾರಿನವರಿಗೆಲ್ಲ ಗೊತ್ತು: ಅಲ್ಲಿ ತೆರಿಗೆ ಕಡಿಮೆ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್ಸು. ಹೊರಗಿನ ನಂಬರು ಹಾಕಿಕೊಂಡು ಇಲ್ಲೇ ತಿರುಗುವವರನ್ನು ಸಾರಿಗೆ ಇಲಾಖೆಯವರು ಆಗಾಗ ಅಡ್ಡಗಟ್ಟಿ ಲಕ್ಷಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ನಮ್ಮ ಯಜಮಾನರು ಯಾರೂ ಅಡ್ಡಗಟ್ಟುವ ಮೊದಲೇ ತುಮಕೂರು ಆರ್‌ಟಿಓ ಕಚೇರಿಗೆ ಹೋಗಿ ಪೂರಾ ತೆರಿಗೆ ಕಟ್ಟಿದರು. ಕಾನೂನಿನ ಭಯದಿಂದಲ್ಲ. "ಕೆಎ 06 ಇಲ್ದಿದ್ರೆ ಊರೋರು ಬಾಡಿಗೆ ಗಾಡಿ ಅಂದ್ಕೋತಾರೆ" ಎಂಬುದು ಅವರ ವಾದ. ಸರ್ಕಾರದ ಬೊಕ್ಕಸಕ್ಕೆ ಜಂಬದಿಂದಲೂ ಆದಾಯವಿದೆ.

ಕಾರು ಊರಿಗೆ ಬಂತು. ಮೊದಲು ಅಮ್ಮನನ್ನು ಕೂರಿಸಬೇಕಲ್ಲ! ಎರಡೇ ಬಾಗಿಲು, ಸೀಟು ನೆಲಕ್ಕೆ ಹತ್ತಿರ. ಅಮ್ಮ ಕೂತದ್ದೇನೋ ಆಯಿತು, ಏಳುವುದಕ್ಕೆ ಇಬ್ಬರು ಸೊಸೆಯರು ಕೈ ಕೊಡಬೇಕಾಯಿತು. "ಇಷ್ಟು ದುಡ್ಡು ಕೊಟ್ಟು ನೆಲದ ಮೇಲೆ ಕೂರ್ಬೇಕಾ ಮಗಾ? ಮನೇಲಿ ಚಾಪೆ ಇರ್ಲಿಲ್ವಾ?" ಎಂದರು. ಹೆಂಡತಿ ಹಿಂದಿನ ಸೀಟು ನೋಡಿ, ಅಲ್ಲಿ ಮಕ್ಕಳೂ ಕೂರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ವ್ಯಾನಿಟಿ ಬ್ಯಾಗ್ ಇಟ್ಟು ಬಾಗಿಲು ಹಾಕಿದರು.

ಇನ್ನು ತರಕಾರಿ ಮಾರುಕಟ್ಟೆ ಹತ್ತಿರದ ಟೀ ಅಂಗಡಿ. ಯಜಮಾನರು ಗ್ಲಾಸು ಕೈಗೆತ್ತಿಕೊಂಡು ಘೋಷಿಸಿದರು: "ಇದು ಮಾಮೂಲಿ ಕಾರಲ್ಲ ಕಣ್ರೋ. ಇದ್ರದ್ದು ಹಿಂದಿನ ಚಕ್ರ ಗಾಡಿನ ತಳ್ಳುತ್ತೆ!"

ಟೊಮೆಟೊ ಕ್ರೇಟು ಇಳಿಸಿ ಬಂದಿದ್ದ ಟಾಟಾ ಏಸ್ ಹುಡುಗ ಬನ್ನು ಅದ್ದುತ್ತಾ, "ನಮ್ಮ ಏಸೂ ಹಂಗೇ ಅಲ್ವಾ ಅಣ್ಣ?" ಎಂದ.

ಅಲ್ಲಿಗೆ ಬಾಯಿಗಳು ಬಿಚ್ಚಿಕೊಂಡವು. ಲಾರಿ ಹಿಂದಿನ ಚಕ್ರದ್ದೇ, ಬಸ್ಸು ಹಿಂದಿನ ಚಕ್ರದ್ದೇ. ಅಂಬಾಸಿಡರ್, ಪದ್ಮಿನಿ ಎಲ್ಲವೂ ಅದೇ. ಈ ದೇಶದ ಕಾರಿನವರಿಗೆ ಮುಂದಿನ ಚಕ್ರ ಎಳೆಯುವ ರೂಢಿ ಹಿಡಿಸಿದ್ದು 1983ರ ಕೊನೆಗೆ ಬಂದ ಮಾರುತಿ 800. ಅದೇ ಕಂಪನಿಯ ಓಮ್ನಿಯಲ್ಲಾದರೋ ಇಂಜಿನ್ ಮುಂದಿನ ಸೀಟಿನ ಕೆಳಗೆ, ಓಡಿಸುವುದು ಹಿಂದಿನ ಚಕ್ರ. ಕೋಟಿಗಟ್ಟಲೆ ಬೆಲೆಯ ಎಷ್ಟೋ ರೇಸಿನ ಕಾರುಗಳೂ ಇಂಜಿನ್ನನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತವೆ. ಕೊನೆಗೆ ಮೂಲೆಯಲ್ಲಿದ್ದ ಮೆಕ್ಯಾನಿಕ್ ಬಾಂಬು ಹಾಕಿದ: "ನಿಮ್ಮ ಹಳೇ ಇನ್ನೋವಾನೂ ಹಿಂದಿನ ಚಕ್ರದ್ದೇ ಸ್ವಾಮಿ. ಬೊಲೆರೊನೂ ಅಷ್ಟೇ." ಹದಿನೈದು ವರ್ಷದಿಂದ ತಾವು ಓಡಿಸುತ್ತಿದ್ದದ್ದು ಅದನ್ನೇ ಎಂಬ ಸುದ್ದಿ ಯಜಮಾನರಿಗೆ ಮುಟ್ಟಿದ್ದು ಅವತ್ತು. ಟೀ ಅರ್ಧಕ್ಕೇ ಬಿಟ್ಟರು.

ಇಂಜಿನಿಯರಿಂಗ್ ಓದುವ ಅಕ್ಕನ ಮಗ ಬಂದು ಸಮಾಧಾನ ಮಾಡಿದ. "ಮಾವ, ವೇಗ ಕೊಟ್ಟಾಗ ಗಾಡಿ ಭಾರ ಹಿಂದಕ್ಕೆ ವಾಲುತ್ತೆ. ಆಗ ಹಿಂದಿನ ಟೈರಿಗೆ ಹಿಡಿತ ಜಾಸ್ತಿ. ಮುಂದಿನ ಚಕ್ರಕ್ಕೆ ತಿರುಗೋ ಕೆಲಸ ಒಂದೇ. ಅದಕ್ಕೇ ಸ್ಪೋರ್ಟ್ಸ್ ಕಾರಿನವರು ಇದನ್ನ ಬಿಡಲ್ಲ." ಇಷ್ಟು ಹೇಳಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಚಕ್ರ ಜಾರಿದರೆ ಇಂಜಿನ್ ಶಕ್ತಿಯನ್ನು ತಾನಾಗಿ ತಗ್ಗಿಸುವ ಏರ್ಪಾಡು ಆ ಕಾರಿನಲ್ಲಿದೆ. "ನಿಜವಾದ ಡ್ರೈವರ್‌ಗಳು ಅದನ್ನ ಆಫ್ ಮಾಡ್ತಾರೆ" ಎಂದೂ ಸೇರಿಸಿದ. ಯಜಮಾನರಿಗೆ ಕಾರಿನಲ್ಲಿ ಪೂರ್ತಿ ಅರ್ಥವಾದ ಗುಂಡಿ ಅದೊಂದೇ.

ಆಯುಧಪೂಜೆ ಬಂತು. ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ಎರಡು ಪಕ್ಕ ಬಾಳೆಕಂದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಕುಂಕುಮ ಕಲಸಿದ ಬೂದುಗುಂಬಳಕಾಯಿಯನ್ನು ಬಾಮೈದ ಎತ್ತಿ ಒಡೆದ. ಒಳಗಿನ ಕಾಸಿಗೆ ಹುಡುಗರು ಮುಗಿಬಿದ್ದರು. ತಿರುಳು ಮಾತ್ರ ಕಾರಿನ ಕೆಳಗೆಲ್ಲ ಹರಡಿತು. "ನಿಂಬೆಹಣ್ಣು ಹತ್ತಿಸಿ" ಎಂದರು ಪೂಜಾರಪ್ಪನವರು. ಯಜಮಾನರು ಊರಿಗೆ ಕೇಳಲಿ ಎಂದು ಆಕ್ಸಿಲರೇಟರನ್ನು ತುಳಿದರು. ನಿಂಬೆಹಣ್ಣು ಹೋದದ್ದೇ ತಿಳಿಯಲಿಲ್ಲ. ಹಿಂದಿನ ಚಕ್ರಗಳು ಕುಂಬಳದ ತಿರುಳಿನ ಮೇಲೆ ನಿಂತಲ್ಲೇ ಗರಗರ ತಿರುಗಿದವು. ಕಾರಿನ ಹಿಂಭಾಗ ಎಡಕ್ಕೆ ಸರಿದು ಬಾಳೆಕಂದನ್ನು ಮಲಗಿಸಿತು. ಹೆದರಿದ ಯಜಮಾನರು ಕ್ಲಚ್ ಎಂದುಕೊಂಡು ಎಡಗಾಲಲ್ಲಿ ಒತ್ತಿದರು. ಆ ಕಾರಿನಲ್ಲಿ ಕ್ಲಚ್ಚೇ ಇಲ್ಲ, ಎಡಗಾಲಿಗೆ ಸಿಕ್ಕಿದ್ದು ಬ್ರೇಕು. ಗಾಡಿ ಗಕ್ಕನೆ ನಿಂತಾಗ ಹಿಂದೆ ನಿಂತಿದ್ದ ಬಾಮೈದನ ಬಿಳಿ ಪಂಚೆ ಅಂಗಿಗಳು ಕುಂಕುಮದ ಕುಂಬಳದಲ್ಲಿ ಮಿಂದಿದ್ದವು. "ದೃಷ್ಟಿ ಪೂರ್ತಿ ಹೋಯ್ತು ಬಿಡಿ" ಎಂದರು ಪೂಜಾರಪ್ಪನವರು.

ಅವತ್ತು ಸಂಜೆ ಯಜಮಾನರು ಟಾಟಾ ಏಸ್ ಹುಡುಗನಿಗೆ ಹೇಳಿ ಕಳಿಸಿದರು. ಭಾನುವಾರ ಬೆಳಗ್ಗೆ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಯಲ್ಲಿ ಪಾಠ. ಹುಡುಗನ ಏಸ್ ಎರಡು ಸಿಲಿಂಡರಿನದು, ಹದಿನಾರು ಅಶ್ವಶಕ್ತಿಯದು. ಆದರೆ ತರಕಾರಿ ಇಳಿಸಿ ಮಳೆಯಲ್ಲಿ ಖಾಲಿ ಗಾಡಿ ತರುವವನಿಗೆ ತಿಳಿದಿರುವಷ್ಟು ಹಿಂದಿನ ಚಕ್ರದ ವಿದ್ಯೆ ಯಾವ ಕಾಲೇಜಿನಲ್ಲೂ ಇಲ್ಲ.

"ಅಣ್ಣ, ತಿರುವಿನಲ್ಲಿ ತುಳೀಬೇಡಿ. ಮೊದ್ಲೇ ನಿಧಾನ ಮಾಡಿ, ಗಾಡಿ ನೆಟ್ಟಗಾದ್ಮೇಲೆ ತುಳೀರಿ."

"ಜಾರಿದ್ರೆ?"

"ಬಾಲ ಯಾವ ಕಡೆ ಹೋಗುತ್ತೋ ಆ ಕಡೆಗೇ ಸ್ಟೀರಿಂಗ್ ತಿರುಗಿಸಿ. ಕಣ್ಣು ಹೋಗ್ಬೇಕಾದ ದಾರಿ ಮೇಲಿರ್ಲಿ. ಕಾಲು ಪಟ್ಟಂತ ತಗೀಬೇಡಿ, ಮೆತ್ತಗೆ ತಗೀರಿ. ಪಟ್ಟಂತ ತಗದ್ರೆ ಭಾರ ಮುಂದಕ್ಕೆ ಬಿದ್ದು ಹಿಂದ್ಗಡೆ ಇನ್ನೂ ಹಗುರಾಗುತ್ತೆ. ನಂದು ಲೋಡಿದ್ರೆ ಬಸವನಂಗೆ ಹೋಗುತ್ತೆ, ಖಾಲಿ ಇದ್ರೇನೇ ಕುಣಿಯೋದು."

ಯಜಮಾನರು ಕೊನೆಯ ಮಾತೊಂದನ್ನು ಮಾತ್ರ ಭದ್ರವಾಗಿ ಹಿಡಿದುಕೊಂಡರು. ಮರುದಿನದಿಂದ ಮಸ್ಟಾಂಗಿನ ಡಿಕ್ಕಿಯಲ್ಲಿ ಒಂದು ಮೂಟೆ ರಾಗಿ. ನಗುವವರು ನಗಲಿ, ಹಿಮ ಬೀಳುವ ದೇಶಗಳಲ್ಲಿ ಪಿಕಪ್ ಗಾಡಿಯವರು ಇದೇ ಲೆಕ್ಕದಲ್ಲಿ ಹಿಂದೆ ಮರಳಿನ ಮೂಟೆ ಹಾಕಿಕೊಳ್ಳುತ್ತಾರೆ. ಹಿಮಕ್ಕೂ ಮಳೆಗೂ ಎಂದು ಕಾರಿನಲ್ಲೇ ಒಂದು ಮೋಡ್ ಇದೆ, ವೇಗವನ್ನು ಮೆತ್ತಗೆ ಬಿಡುವಂಥದ್ದು. ಯಜಮಾನರು ಅದನ್ನು ಹಾಕಿದವರು ಮತ್ತೆ ತೆಗೆದಿಲ್ಲ. ಏಪ್ರಿಲ್ ಬಿಸಿಲಲ್ಲಿ ಹಿಮದ ಮೋಡ್ ಹಾಕಿ, ರಾಗಿ ಹೇರಿಕೊಂಡು, ಶಿರಾ ಗೇಟಿನ ಕಡೆಗೆ ಸದ್ದು ಮಾಡುತ್ತಾ ಹೊರಡುತ್ತಾರೆ.

ವೇಗದ ಆಸೆಯೇನಾಯಿತು? ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ.; ಅದನ್ನು ಇನ್ನೋವಾವೂ ಮುಟ್ಟುತ್ತದೆ. ಊರೊಳಗೆ ಹಂಪ್ಸುಗಳ ಆಳ್ವಿಕೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಹಂಪ್ಸ್ 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರವಿರಬೇಕು. ನಮ್ಮ ಬೀದಿಗಳಲ್ಲಿ ಎತ್ತರ ಅದಕ್ಕಿಂತ ಹೆಚ್ಚು, ಅಗಲ ಒಂದು ಮಾರು. ಪ್ರತಿ ಹಂಪ್ಸಿಗೂ ಯಜಮಾನರು ಕಾರನ್ನು ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸುತ್ತಾರೆ. ಅಷ್ಟರಲ್ಲಿ ಹಿಂದಿನ ಏಸು, ಆಟೊ, ಹಾಲಿನ ಕ್ಯಾನಿನ ಬೈಕು ದಾಟಿರುತ್ತವೆ. ಗುಬ್ಬಿಗೆ ಮದುವೆಗೆಂದು ಹೊರಟರೆ ಮನೆಯವರು ಬೊಲೆರೊದಲ್ಲಿ ಮೊದಲೇ ತಲುಪಿ, ಊಟದ ಎಲೆ ಹಿಡಿದಿಟ್ಟುಕೊಂಡು ಫೋನು ಮಾಡುತ್ತಾರೆ.

ಹಾಗೆಂದು ಯಜಮಾನರು ಸೋತರೆನ್ನುವಂತಿಲ್ಲ. ಅವರ ಬಲಗಾಲು ಈಗ ಊರಿನಲ್ಲೇ ಅತ್ಯಂತ ವಿನಯದ ಕಾಲು. ಬೊಲೆರೊ ಓಡಿಸುವಾಗಲೂ ತಿರುವಿಗೆ ಮೊದಲೇ ನಿಧಾನ, ಮಳೆ ಹನಿದರೆ ಇನ್ನೂ ನಿಧಾನ. ಅದು 65 ಲಕ್ಷದ ಕಾರು ಕಲಿಸಿದ್ದೋ ಏಸ್ ಹುಡುಗ ಕಲಿಸಿದ್ದೋ ಎಂದು ಕೇಳಿದರೆ ಮಾತ್ರ ಕಾರಿನ ಹೆಸರನ್ನೇ ಹೇಳುತ್ತಾರೆ.

ಹಿಂದಿನ ಚಕ್ರದ ಗಾಡಿ ಪಳಗಿಸಬೇಕೆಂಬ ಆಸೆ ನಿಮಗೂ ಇದ್ದರೆ, ಸುಸ್ಥಿತಿಯಲ್ಲಿರುವ ಹಳೇ ಓಮ್ನಿಯೊಂದನ್ನು ಹುಡುಕಿ ಒಂದು ಮಳೆಗಾಲ ಓಡಿಸಿ. ಕಲಿಯುವ ಪಾಠ ಅದೇ. ಆಜೀವ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ.