ಶಾಲಾ ಪ್ರಚಾರ ಪ್ರಮಾಣ ಮೀಮಾಂಸೆ

ಇನ್ನು ಪ್ರಚಾರ ಜಿಜ್ಞಾಸೆ. ಯಾವ ಶಾಸ್ತ್ರವೇ ಆಗಲಿ, ಮೊದಲು ಅನುಬಂಧ ಚತುಷ್ಟಯ ಹೇಳಿಯೇ ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ. ಈ ಶಾಸ್ತ್ರದ ವಿಷಯ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮರುದಿನ ಶಾಲೆಯ ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ಎದ್ದು ನಿಲ್ಲುವ ಫ್ಲೆಕ್ಸು. ಇದನ್ನು ಓದಲು ಅಧಿಕಾರಿ, ಆಡಳಿತ ಮಂಡಳಿಯ ಕಾರ್ಯದರ್ಶಿ. ಪ್ರಯೋಜನ, ಜೂನ್ ಹೊತ್ತಿಗೆ ಎಲ್‌ಕೆಜಿ ಭರ್ತಿ. ಫ್ಲೆಕ್ಸಿಗೂ ಕಲಿಕೆಗೂ ಇರುವ ಸಂಬಂಧ ಮಾತ್ರ ಅನಿರ್ವಚನೀಯ: ಇದೆಯೆಂದು ತೋರಿಸಲಾಗದು, ಇಲ್ಲವೆಂದರೆ ಕಾರ್ಯದರ್ಶಿಗಳು ಬೇಜಾರು ಮಾಡಿಕೊಳ್ಳುತ್ತಾರೆ.

ಪೂರ್ವಪಕ್ಷ

2010ರಲ್ಲಿ ಬಾರ್ಸಿಲೋನಾದಲ್ಲಿ ಸಾರ್ವಜನಿಕ ಸಂಪರ್ಕದ ಪಂಡಿತರು ಸಭೆ ಸೇರಿ ಏಳು ಸೂತ್ರ ಹೊರಡಿಸಿದರು. ಪೇಪರಿನಲ್ಲಿ ಬಂದ ಸುದ್ದಿಯನ್ನು ಜಾಹೀರಾತಿನ ದರದಿಂದ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ ಸಿಕ್ಕಿತು’ ಎನ್ನುವುದು ಲೆಕ್ಕವೇ ಅಲ್ಲ. ಎಷ್ಟು ಕೂಗಿದಿರಿ ಎಂಬುದನ್ನು ಬಿಡಿ, ಕೇಳಿದವರಲ್ಲಿ ಏನು ಬದಲಾಯಿತೆಂದು ಅಳೆಯಿರಿ, ಎಂದು ಅವರ ಮತ.

ಈ ಮತ ನಮ್ಮ ತಾಲೂಕು ಕೇಂದ್ರಗಳಲ್ಲಿ ನಿಲ್ಲುವುದಿಲ್ಲ. ಇಲ್ಲಿ ವಾರ್ಷಿಕೋತ್ಸವದ ಸುದ್ದಿಯನ್ನು ಸ್ಕೇಲು ಹಿಡಿದು ಅಳೆದು, ಲ್ಯಾಮಿನೇಟ್ ಮಾಡಿಸಿ, ಆಫೀಸಿನಲ್ಲಿ ಸರಸ್ವತಿಯ ಪಟಕ್ಕಿಂತ ಒಂದು ಗೇಣು ಮೇಲೆ ನೇತುಹಾಕುತ್ತಾರೆ. ಲ್ಯಾಮಿನೇಷನ್ನಿನ ಬಗ್ಗೆ ಏಳು ಸೂತ್ರಗಳಲ್ಲಿ ಒಂದಕ್ಷರವೂ ಇಲ್ಲ. ಅಲ್ಲಿಗೆ ಪೂರ್ವಪಕ್ಷ ಖಂಡಿತವಾಯಿತು.

ಪ್ರಮಾಣ ವಿಚಾರ

ಅಳತೆಗೆ ಭಾಟ್ಟ ಮೀಮಾಂಸಕರು ಒಪ್ಪಿದ ಆರು ಪ್ರಮಾಣಗಳೇ ಧಾರಾಳವಾಗಿ ಸಾಕು.

ಮೊದಲನೆಯದು ಪ್ರತ್ಯಕ್ಷ. ಫ್ಲೆಕ್ಸನ್ನು ಎದುರಿನ ಬೇಕರಿಯ ಮುಂದೆ ನಿಂತು ನೋಡತಕ್ಕದ್ದು. ಎಡಕ್ಕೆ ಸಂಸ್ಥಾಪಕ ಅಧ್ಯಕ್ಷರು, ಆಳೆತ್ತರ, ಕೈಮುಗಿದ ಭಂಗಿ. ಬಲಕ್ಕೆ ಹಾಲಿ ಶಾಸಕರು. ಮೇಲೆ ಸಾಲಾಗಿ ನಿರ್ದೇಶಕರು. ಉಳಿದ ಜಾಗದಲ್ಲಿ, ಹಾಲ್‌ಟಿಕೆಟ್ಟಿನ ಫೋಟೋವನ್ನೇ ಹಿಗ್ಗಿಸಿದ್ದರಿಂದ ಮೂಗು ಮಸುಕಾದ ಹುಡುಗಿ, 625ಕ್ಕೆ 619. ಇದರಿಂದ ಸಿಗುವ ನಿಯಮ: ಫ್ಲೆಕ್ಸಿನ ಮೇಲಿನ ಮುಖದ ಅಗಲವು ಪರೀಕ್ಷೆ ಬರೆದ ಶ್ರಮಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಅದೇ ಹುಡುಗಿ ಮುಂದಿನ ತಿರುವಿನಲ್ಲಿ ಟ್ಯೂಷನ್ ಸೆಂಟರಿನವರ ಫ್ಲೆಕ್ಸಿನಲ್ಲೂ, ಅದರಾಚೆ ಪಿಯು ಕಾಲೇಜಿನವರ ಫ್ಲೆಕ್ಸಿನಲ್ಲೂ ಕಂಡರೆ ಗಾಬರಿ ಬೇಡ. ಏಕಕಾಲಕ್ಕೆ ಮೂರು ಕಡೆ ಕಾಣಿಸಿಕೊಳ್ಳುವುದು ಹಿಂದೆ ಯೋಗಿಗಳಿಗೆ ಮಾತ್ರ ಸಾಧ್ಯವಿತ್ತು. ಈಗ ರ‍್ಯಾಂಕಿನವರಿಗೂ ಸಾಧ್ಯ.

ಎರಡನೆಯದು ಅನುಮಾನ. ಎಲ್ಲಿ ಶೇ. 100 ಫಲಿತಾಂಶವೋ ಅಲ್ಲಿ ಒಳ್ಳೆಯ ಪಾಠ, ಹೊಗೆಯಿದ್ದಲ್ಲಿ ಬೆಂಕಿಯಂತೆ. ಇದನ್ನೇ ತಿರುಗಿಸಿ ಬೆಂಕಿಯಿದ್ದಲ್ಲಿ ಹೊಗೆ ಎಂದರೆ ತಾರ್ಕಿಕರು ಉಪಾಧಿಯೊಂದನ್ನು ಎತ್ತುತ್ತಾರೆ: ಬೆಂಕಿಗೆ ಹೊಗೆ ಬರುವುದು ಸೌದೆ ಹಸಿಯಿದ್ದರೆ. ಅದಕ್ಕೇ ಜಾಣ ಶಾಲೆಗಳು ಹಸಿ ಸೌದೆಯನ್ನು ಒಂಬತ್ತನೇ ತರಗತಿಯಲ್ಲೇ ಆರಿಸಿ, ಟಿಸಿ ಕೈಗಿಟ್ಟು ಆಚೆ ಒಟ್ಟುತ್ತವೆ. ತೀರಾ ಹಟ ಹಿಡಿದವರನ್ನು ಖಾಸಗಿ ಅಭ್ಯರ್ಥಿಯಾಗಿ ಕೂರಿಸುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಎಂಟನೇ ತರಗತಿಗೇ ಮುಗಿಯುವುದು ಈ ಶುದ್ಧೀಕರಣಕ್ಕೆ ಬಲು ಅನುಕೂಲ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದು, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹಂಚಿದ ಮೇಲೆ. ಫ್ಲೆಕ್ಸಿನವರಿಗೆ ಮಾತ್ರ ಕೆಲಸ ಕಡಿಮೆಯಾಗಲಿಲ್ಲ.

ಮೂರನೆಯದು ಉಪಮಾನ. ಪಕ್ಕದ ಬೀದಿಯವರು ‘ಇಂಟರ್‌ನ್ಯಾಷನಲ್’ ಎಂದರೆ ನಾವು ‘ಗ್ಲೋಬಲ್’. ಮಕ್ಕಳು ಎರಡಕ್ಕೂ ಅದೇ ಹೋಬಳಿಯಿಂದಲೇ ಬರತಕ್ಕದ್ದು.

ನಾಲ್ಕನೆಯದು ಶಬ್ದ, ಅಂದರೆ ಆಪ್ತವಾಕ್ಯ. ಶಾಲೆಯ ವಿಷಯದಲ್ಲಿ ಆಪ್ತನೆಂದರೆ ವ್ಯಾನ್ ಡ್ರೈವರು. ಗಣಿತದ ಮೇಡಂ ಡಿಸೆಂಬರಿನಲ್ಲಿ ಯಾಕೆ ಬಿಟ್ಟುಹೋದರು, ಸ್ಮಾರ್ಟ್‌ಬೋರ್ಡು ಯಾವ ದಿನದಿಂದ ಕೆಟ್ಟಿದೆ, ಅವನಿಗೆ ಎಲ್ಲವೂ ಗೊತ್ತು. ದೀಪಾವಳಿಗೆ ಅವನಿಗೊಂದು ಸ್ವೀಟ್ ಬಾಕ್ಸ್ ಕೊಡುವುದನ್ನು ಪ್ರಚಾರದ ಖರ್ಚಿನಲ್ಲೇ ಬರೆಯಬೇಕು.

ಐದನೆಯದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಹಾಗೆಯೇ ‘ನಮ್ಮಲ್ಲಿ ಡೊನೇಷನ್ ಇಲ್ಲ’ ಎಂಬ ಬೋರ್ಡಿನ ಹಿಂದೆ ಮೂರನೇ ಅಂತಸ್ತು ಏಳುತ್ತಿದ್ದರೆ, ರಸೀದಿ ಪುಸ್ತಕ ಎರಡಿವೆ ಎಂದು ತಿಳಿಯುವುದು. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ನು ಡೊನೇಷನ್ ಪಡೆದವರಿಗೆ ಪಡೆದದ್ದರ ಹತ್ತು ಪಟ್ಟಿನವರೆಗೂ ದಂಡ ಹೇಳುತ್ತದೆ. ಆದರೆ ಅದು ಹಗಲು ಉಂಡವರಿಗೆ.

ಆರನೆಯದು ಅನುಪಲಬ್ಧಿ: ಕಾಣದಿರುವುದರಿಂದ ಬರುವ ಜ್ಞಾನ. ಫ್ಲೆಕ್ಸಿನಲ್ಲಿ 340 ಅಂಕದ ಹುಡುಗನಿಲ್ಲ. ಅವನಿಗೆ ಭಿನ್ನರಾಶಿ ಹೇಳಿಕೊಟ್ಟು ಪಾಸು ಮಾಡಿಸಿದ ಮೇಷ್ಟರೂ ಇಲ್ಲ. ಆಟದ ಮೈದಾನ ಬ್ರೋಷರಿನಲ್ಲಿದೆ, ಹಿತ್ತಲಲ್ಲಿ ಇಲ್ಲ. ಐದೂ ಪ್ರಮಾಣಗಳು ಸೇರಿ ಹೇಳದ ಸತ್ಯವನ್ನು ಈ ಒಂದೇ ಪ್ರಮಾಣ ಹೇಳುವುದರಿಂದ, ಪ್ರಚಾರ ಸಮಿತಿಯ ಸಭೆಯಲ್ಲಿ ಇದರ ಪ್ರಸ್ತಾಪ ನಿಷಿದ್ಧ.

ವಿರುದ್ಧ ದೃಷ್ಟಾಂತ

ಮೇ ಕೊನೆಯಲ್ಲಿ ಸರ್ಕಾರಿ ಶಾಲೆಯವರು ದಾಖಲಾತಿ ಆಂದೋಲನ ಮಾಡುತ್ತಾರೆ. ತಮಟೆ ಮುಂದೆ, ಮಕ್ಕಳ ಜಾಥಾ ಹಿಂದೆ, ನಡುವೆ ಬೆವರು ಒರೆಸಿಕೊಳ್ಳುವ ಹೆಡ್‌ಮಾಸ್ತರು. ಬಿಸಿಯೂಟ, ಹಾಲು, ಮೊಟ್ಟೆ, ಪುಸ್ತಕ, ಸಮವಸ್ತ್ರ ಎಲ್ಲ ಉಚಿತ ಎಂದು ಮನೆಮನೆಗೆ ಹೇಳಿ ಬರುತ್ತಾರೆ. ಶಾಸ್ತ್ರದೃಷ್ಟಿಯಿಂದ ಇದು ಪ್ರಚಾರವೆನಿಸದು. ಹೇಳಿದ್ದು ಮಧ್ಯಾಹ್ನದ ತಟ್ಟೆಯಲ್ಲೇ ಪರೀಕ್ಷೆಗೆ ಒಳಗಾಗುವುದರಿಂದ ಇದಕ್ಕೆ ಸತ್ಯದೋಷ ತಗುಲಿದೆ.

ಸಿದ್ಧಾಂತ

ಸಕಲ ಪ್ರಮಾಣಗಳನ್ನೂ ಸೋಸಿದಾಗ ಉಳಿಯುವುದಿಷ್ಟೇ: ಶಾಲಾ ಪ್ರಚಾರದ ಯಶಸ್ಸನ್ನು ಪೋಷಕರು ಕೇಳದೆ ಬಿಟ್ಟ ಪ್ರಶ್ನೆಗಳಿಂದ ಅಳೆಯಬೇಕು. ಎರಡು ವರ್ಷದ ಹಿಂದಿನ ಎಂಟನೇ ತರಗತಿಯ ಹಾಜರಿ ಪುಸ್ತಕ, ಈ ಸಲದ ಹತ್ತನೆಯವರ ಹಾಲ್‌ಟಿಕೆಟ್ ಪಟ್ಟಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಎಂದು ಒಬ್ಬರೂ ಕೇಳದಿದ್ದರೆ ಪ್ರಚಾರ ಪೂರ್ಣ ಸಫಲ. ಒಬ್ಬರು ಕೇಳಿದರೆ ಅರ್ಧ ನಷ್ಟ. ಕೇಳಿದವರು ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳದಿದ್ದರೆ ಫ್ಲೆಕ್ಸಿನ ಖರ್ಚೂ ಹುಟ್ಟುವುದಿಲ್ಲ.

ಫಲಶ್ರುತಿ

ಇದನ್ನು ನಿತ್ಯ ಪಠಿಸುವ ಕಾರ್ಯದರ್ಶಿಗೆ ಮೂರನೇ ಅಂತಸ್ತು, ಕೇಳಿಸಿಕೊಂಡ ಪೋಷಕನಿಗೆ ವೇಟಿಂಗ್ ಲಿಸ್ಟಿನಲ್ಲಿ ಸ್ಥಾನ ಲಭಿಸುವುದು. ನಡುವೆ ಎದ್ದುಹೋಗಿ ಆ ಎರಡು ಪಟ್ಟಿ ಕೇಳಿದವನಿಗೆ ಎಲ್‌ಕೆಜಿ ಸೀಟು ಖಾಲಿಯಿಲ್ಲ.