ಗದುಗಿನ ಚಿಂತಾಮಾಪನ ಶಾಸ್ತ್ರ: ಪೂರ್ವಪೀಠಿಕೆ

1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ವೈದ್ಯರು ಮನುಷ್ಯನ ಚಿಂತೆಗೆ ತಕ್ಕಡಿ ಕಟ್ಟಿದರು. ಒಟ್ಟು 43 ಪ್ರಸಂಗ, ಒಂದೊಂದಕ್ಕೂ ಅಂಕ. ಬಾಳಸಂಗಾತಿಯ ಸಾವಿಗೆ 100, ಮದುವೆಗೆ 50, ಅತ್ತೆ-ಮಾವನ ಕಡೆಯ ಕಿರಿಕಿರಿಗೆ 29, ಸಾಹೇಬರ ಕಾಟಕ್ಕೆ 23. ವರ್ಷದ ಮೊತ್ತ 300 ದಾಟಿದವರು ಕಾಯಿಲೆ ಬೀಳುವ ಸಂಭವ ಹೆಚ್ಚೆಂದು ಷರಾ ಬರೆದರು. ಪಟ್ಟಿಯಲ್ಲಿ ನಳದ ನೀರಿನ ಸುದ್ದಿಯೇ ಇಲ್ಲ. ಇಬ್ಬರೂ ಬೆಟಗೇರಿಯಲ್ಲಿ ಬಾಡಿಗೆ ಮನೆ ಹಿಡಿದಿರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಗದಗ-ಬೆಟಗೇರಿ ಅವಳಿನಗರಕ್ಕೆ ತುಂಗಭದ್ರೆ ಬರುವುದು ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಿಂದ. ಬರುವ ದಿನ ಅವಳ ಮರ್ಜಿ. ಕಚೇರಿಯಲ್ಲಿ ಕಡತ ಬಿಚ್ಚಿದ ಹೊತ್ತಿಗೇ ಮನೆಯಿಂದ ಫೋನು: “ನೀರ ಬಂದಾವ್ರೀ!” ಕೊಡ, ಬಕೀಟು, ಸಿಂಟೆಕ್ಸ್ ತುಂಬಿ, ಕಡೆಗೆ ಪಾತೇಲಿಯ ಮುಚ್ಚಳದಲ್ಲೂ ನೀರು ನಿಲ್ಲುತ್ತದೆ. ಇದಕ್ಕೆ 40 ಅಂಕ ಕೊಡಬೇಕೆಂದು ಶಾಸ್ತ್ರಕಾರರ ಮತ. ಬರುತ್ತದೆಂದು ಹೇಳಿ ಬಾರದಿದ್ದರೆ 50, ಅಂದರೆ ಪೂರಾ ಒಂದು ಮದುವೆ. ಮದುವೆಯ ದಿನವೇ ನೀರು ಬಂದರೆ ಕೂಡಿಸಬೇಕೋ ಗುಣಿಸಬೇಕೋ, ಒಮ್ಮತವಿಲ್ಲ.

ಲಕ್ಷ್ಮೇಶ್ವರದ ಪ್ರಕರಣ ಸರಳ. ಮೊದಲು ತಾಲ್ಲೂಕು ಕಚೇರಿಯ ಚಿಂತೆಗೆ ಶಿರಹಟ್ಟಿಗೆ ಬಸ್ಸು ಹತ್ತಬೇಕಿತ್ತು. ಪ್ರತ್ಯೇಕ ತಾಲ್ಲೂಕಾದ ಮೇಲೆ ಅದು ಊರಲ್ಲೇ ಸಿಗುತ್ತದೆ, ಬಸ್ ಚಾರ್ಜು ಉಳಿತಾಯ.

ಅಮೆರಿಕದ ತಕ್ಕಡಿಯ ನಿಜವಾದ ಪರೀಕ್ಷೆ ನಡೆದದ್ದು ಗದಗಿನ ಜೋಶಿಯವರ ಮನೆಯಲ್ಲಿ. 1933ರಲ್ಲಿ 11 ವರ್ಷದ ಭೀಮಸೇನ ಸಂಗೀತದ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಮಕ್ಕಳು ಮನೆ ಬಿಟ್ಟರೆ ಹೆತ್ತವರ ಖಾತೆಗೆ 29 ಎನ್ನುತ್ತದೆ ಪಟ್ಟಿ. ದೊಡ್ಡ ಸಾಧನೆ ಮಾಡಿದವರನ್ನೂ ಅದು ಬಿಡುವುದಿಲ್ಲ, 28 ಅಂಕದ ಒತ್ತಡ ಹೇರುತ್ತದೆ. ಹೀಗಾಗಿ 2008ರಲ್ಲಿ ಘೋಷಣೆಯಾದ ಭಾರತರತ್ನಕ್ಕೂ, ಮಾಸ್ತರರಾಗಿದ್ದ ತಂದೆ ಮಗನನ್ನು ಹುಡುಕಿ ಅಲೆದದ್ದಕ್ಕೂ ಶಾಸ್ತ್ರೀಯ ಅಂತರ ಒಂದೇ ಅಂಕ! ಇಂಥ ಲೆಕ್ಕವನ್ನು ಯಾವ ತಾಯಿಯೂ ಒಪ್ಪಲಾರಳು.

ಗದಗಿನ ಪಂಡಿತರು ಒತ್ತಡದ ಉಪಯೋಗವನ್ನು ಮೊದಲೇ ಬಲ್ಲವರು. ವೀರನಾರಾಯಣ ಗುಡಿಯಲ್ಲಿ ಮಿಂದು, ಉಟ್ಟ ಒದ್ದೆ ಬಟ್ಟೆ ಆರುವ ತನಕ ಮಾತ್ರ ಕುಮಾರವ್ಯಾಸ ಪದ್ಯ ಕಟ್ಟುತ್ತಿದ್ದ ಎಂಬುದು ಐತಿಹ್ಯ. ಹತ್ತು ಪರ್ವಗಳು ಹೀಗೆ ಮುಗಿದವು. ಇಂದಿನ ಗಡುವುಗಳಿಗೆ ಈ ಆರುವ ಗುಣವೇ ಇಲ್ಲ.

ಹೋಮ್ಸ್-ರಾಹೆ ಲೆಕ್ಕದ ಮೂಲದೋಷ ಬೇರೆ: ಅದರಲ್ಲಿ ಬರೀ ಕೂಡಿಸುವುದಿದೆ, ಕಳೆಯುವುದಿಲ್ಲ. ರಜೆಗೂ 13, ಕ್ರಿಸ್‌ಮಸ್ಸಿಗೂ 12! ಗದುಗಿನ ಶಾಖೆ ಇದನ್ನು ತಿದ್ದಿದೆ. ಪಂಚಮಿಗೆ ಉಂಡಿ ಕಟ್ಟಲು 12 ಕೂಡಿಸಿ, ಮಗಳು ತವರಿಗೆ ಬಂದು ಜೋಕಾಲಿ ಜೀಕಿದರೆ 20 ಕಳೆಯಿರಿ. ಕಪ್ಪತಗುಡ್ಡದ ಗಾಳಿಗೆ 10, ಸಂಜೆಯ ಗಿರ್ಮಿಟ್ಟಿಗೆ 8. ಜೊತೆಗೆ ಮಿರ್ಚಿಗೆಷ್ಟು ಎಂಬಲ್ಲಿ ಮಾತ್ರ ಗದಗಿನವರಿಗೂ ಬೆಟಗೇರಿಯವರಿಗೂ ಜಗಳ ಹತ್ತಿದೆ. ಅದಕ್ಕೆ ಸದ್ಯಕ್ಕೆ 3 ಅಂಕ ಕೂಡಿಸಲಾಗಿದೆ.